ಎರಡು ಈಸ್ಟರ್‌ಗಳ ನಡುವೆ ಒಂದು ಹಗ್ಗ

ರೆಗೀನಾ ಮಾಕ್ ಹುಟ್ಟಿದ್ದು ಗಂಟೆಗೋಪುರದ ಬೆನ್ನಿಗೆ ಆತುಕೊಂಡಿದ್ದ ಪುಟ್ಟ ಮನೆಯಲ್ಲಿ. ತೊಟ್ಟಿಲಲ್ಲಿದ್ದಾಗ ಗಂಟೆ ಬಾರಿಸುತ್ತಿದ್ದರೆ ಹಾಯಾಗಿ ಮಲಗುತ್ತಿದ್ದಳಂತೆ, ಗಂಟೆ ನಿಂತ ಕೂಡಲೇ ಎದ್ದು ಅಳುತ್ತಿದ್ದಳಂತೆ. ಅವಳ ಅಪ್ಪ ಕಾಸ್ಪರ್ ಮಾಕ್ ನಮ್ಮ ಲಿಂಡೆನ್‌ರೀಡಿನ ಗಂಟೆಯವನು. ಬೆಳಿಗ್ಗೆಯ ಪ್ರಾರ್ಥನೆಗೆ, ಮಧ್ಯಾಹ್ನದ ಊಟಕ್ಕೆ, ಸಂಜೆ ಕೋಟೆಬಾಗಿಲು ಹಾಕುವುದಕ್ಕೆ, ಮದುವೆಗೆ, ಸಾವಿಗೆ, ಬೆಂಕಿ ಬಿದ್ದರೆ ಬೆಂಕಿಗೆ, ಎಲ್ಲಕ್ಕೂ ಅವನ ಕೈಯೇ.

ಜರ್ಮನಿಯ ಸ್ವಾಬಿಯಾ ಸೀಮೆಯ ಬೇರೆ ನೇಕಾರರ ಊರುಗಳ ಹಾಗೆಯೇ ನಮ್ಮದೂ ಒಂದು ಸಣ್ಣ ಪಟ್ಟಣ. ಒಂದು ವಿಷಯದಲ್ಲಿ ಮಾತ್ರ ಬೇರೆ. ಮೂವತ್ತು ವರ್ಷದ ಯುದ್ಧ ಮುಗಿದು ರಾಜರುಗಳೆಲ್ಲ ವೆಸ್ಟ್‌ಫೇಲಿಯಾದಲ್ಲಿ ಸೇರಿ ಒಪ್ಪಂದ ಮಾಡಿಕೊಂಡಾಗ, ಇಲ್ಲಿ ಕಥೋಲಿಕರೂ ಉಳಿದಿದ್ದರು, ಪೋಪನನ್ನು ಒಪ್ಪದ ಲೂಥರನರೂ ಉಳಿದಿದ್ದರು. ಒಬ್ಬರನ್ನೊಬ್ಬರು ಓಡಿಸಲು ಇಬ್ಬರಲ್ಲೂ ಶಕ್ತಿ ಉಳಿದಿರಲಿಲ್ಲ. ಚರ್ಚು ಒಂದೇ ಇತ್ತು. ಹಾಗಾಗಿ ಹಂಚಿಕೊಂಡರು. ಮುಂಜಾನೆ ಕಥೋಲಿಕರ ರೊಟ್ಟಿ-ದ್ರಾಕ್ಷಾರಸದ ಬಲಿಪೂಜೆ, ಅವರು ಹೊರಗೆ ಬಂದ ಮೇಲೆ ಲೂಥರನರ ಹಾಡು ಮತ್ತು ಪ್ರಸಂಗ, ಆಮೇಲೆ ಮತ್ತೆ ಅವರು, ಮತ್ತೆ ಇವರು. ಒಬ್ಬರ ಮೇಣದ ಬತ್ತಿಯ ಹೊಗೆ ಇನ್ನೂ ಗಾಳಿಯಲ್ಲಿರುವಾಗಲೇ ಇನ್ನೊಬ್ಬರು ಹಾಡಲು ಶುರುಮಾಡುತ್ತಿದ್ದರು. ಮಿಕ್ಕಿದ್ದೆಲ್ಲ ಎರಡೆರಡು: ಇಬ್ಬರು ಮೇಯರುಗಳು, ಇಬ್ಬರು ಮೇಷ್ಟರು, ಇಬ್ಬರು ಸೂಲಗಿತ್ತಿಯರು. ಗೋಪುರವನ್ನು ಮಾತ್ರ ಎರಡು ಮಾಡಲು ಆಗಲಿಲ್ಲ, ಗಂಟೆಯವನನ್ನೂ ಎರಡು ಮಾಡಲು ಆಗಲಿಲ್ಲ. ಊರಿನ ಬೇರೆ ನೌಕರರೆಲ್ಲ ತಮ್ಮ ತಮ್ಮ ಪಂಥದ ಪುಸ್ತಕದ ಮೇಲೆ ಕೈಯಿಟ್ಟು ಪ್ರಮಾಣ ಮಾಡಿದರೆ, ಗಂಟೆಯವನು ಎರಡೂ ಕೈಯಲ್ಲಿ ಹಗ್ಗ ಹಿಡಿದು ಪ್ರಮಾಣ ಮಾಡಬೇಕಿತ್ತು.

ಆ ಹಗ್ಗದ ತುದಿಯಲ್ಲಿ ತೂಗುವ ದೊಡ್ಡ ಗಂಟೆಯ ಹೆಸರು ಓಸಾನಾ. ಯುದ್ಧದಲ್ಲಿ ಹಳೆಯ ಗಂಟೆಯನ್ನು ಸೈನಿಕರು ಇಳಿಸಿ ಫಿರಂಗಿ ಎರಕ ಹೊಯ್ದಿದ್ದರು. ಯಾವ ಕಡೆಯ ಸೈನಿಕರು ಎಂಬುದರ ಬಗ್ಗೆ ನಮ್ಮಲ್ಲಿ ಇಂದಿಗೂ ಎರಡು ಅಭಿಪ್ರಾಯವಿದೆ. ಶಾಂತಿ ಬಂದ ಮೇಲೆ ಮನೆಮನೆಯಿಂದ ತಾಮ್ರದ ಹಂಡೆ, ತವರದ ತಟ್ಟೆ ಒಟ್ಟುಮಾಡಿ ಹೊಸ ಗಂಟೆ ಎರಕ ಹೊಯ್ಯಿಸಿದರು. ಗಂಟೆಯ ಕೊರಳಿನ ಸುತ್ತ ದೇವರ ವಾಕ್ಯ ಬರೆಯಿಸುವುದು ವಾಡಿಕೆ. ಕಥೋಲಿಕರು ಲ್ಯಾಟಿನ್ ಬೇಕೆಂದರು, ಲೂಥರನರು ಜರ್ಮನ್ ಬೇಕೆಂದರು. ಒಲೆಯಲ್ಲಿ ಲೋಹ ಕರಗಿ ಕುದಿಯುತ್ತಿರುವಾಗಲೂ ಜಗಳ ಮುಗಿದಿರಲಿಲ್ಲ. ಎರಕದವನು ಕಾದು ಕಾದು, ಕೊನೆಗೆ ಏನೂ ಬರೆಯದೆ ಹೊಯ್ದುಬಿಟ್ಟ. ಓಸಾನಾಳ ಕೊರಳಿನ ಪಟ್ಟಿ ಇವತ್ತಿಗೂ ಖಾಲಿ. ಬೇರೆ ಊರಿನವರು ನಗುತ್ತಾರೆ. ನಗಲಿ, ಅಂಥ ಗಂಟೆ ಅವರಲ್ಲಿಲ್ಲ.

ಕಾಸ್ಪರ್ ಕಥೋಲಿಕ, ಅವನ ಹೆಂಡತಿ ಯೂಡಿತ್ ಲೂಥರನ್. ಇಂಥ ಮದುವೆಗಳಲ್ಲಿ ಗಂಡುಮಕ್ಕಳು ಅಪ್ಪನ ಪಂಥಕ್ಕೆ, ಹೆಣ್ಣುಮಕ್ಕಳು ಅಮ್ಮನ ಪಂಥಕ್ಕೆ ಸೇರುವುದು ನಮ್ಮಲ್ಲಿ ರೂಢಿ. ಒಬ್ಬಳೇ ಮಗಳಾದ್ದರಿಂದ ರೆಗೀನಾ ಅಮ್ಮನ ಪಾಲಿಗೆ ಬಂದಳು. ಉಪವಾಸದ ಕಾಲದಲ್ಲಿ ಯೂಡಿತ್ ಒಲೆಯ ಮೇಲೆ ಎರಡು ಪಾತ್ರೆ ಇಡುತ್ತಿದ್ದಳು. ಒಂದರಲ್ಲಿ ಗಂಡನಿಗೆ ಬರೀ ಅಲಸಂದೆ, ಇನ್ನೊಂದರಲ್ಲಿ ತನಗೂ ಮಗಳಿಗೂ ಕೊಬ್ಬು ಹಾಕಿದ ಅಲಸಂದೆ. ಎರಡೂ ಪಾತ್ರೆಗೆ ಸೌಟು ಮಾತ್ರ ಒಂದೇ. ಅದನ್ನು ನೋಡಿಯೂ ಕಾಸ್ಪರ್ ದಿನಾ ತಟ್ಟೆ ಖಾಲಿ ಮಾಡುತ್ತಿದ್ದ. ಊಟಕ್ಕೆ ಮೊದಲು ಅವನು ಶಿಲುಬೆಯ ಗುರುತು ಹಾಕುತ್ತಿದ್ದ, ಅವಳು ಕೈಮುಗಿದು ಕಣ್ಣು ಮುಚ್ಚುತ್ತಿದ್ದಳು, ಮಗಳು ಇಬ್ಬರ ಪ್ರಾರ್ಥನೆಯನ್ನೂ ಕೇಳುತ್ತಾ ಕೂತಿರುತ್ತಿದ್ದಳು. ದೇವರು ಎರಡು ಕಿವಿ ಕೊಟ್ಟಿರುವುದು ಇದಕ್ಕೇ ಇರಬೇಕು ಎಂದು ಅವಳು ಚಿಕ್ಕಂದಿನಲ್ಲಿ ನಂಬಿದ್ದಳು.

ಯೂಡಿತ್‌ಗೆ ಒಂದು ಆಸೆಯಿತ್ತು. ಯುದ್ಧಕಾಲದಲ್ಲಿ ಚಕ್ರವರ್ತಿಯ ಆಜ್ಞೆಯಿಂದ ಚರ್ಚೆಲ್ಲ ಕಥೋಲಿಕರ ಕೈಗೆ ಹೋದಾಗ ಅವಳ ಅಜ್ಜಿ ಸತ್ತಳು. ಗಂಟೆಯಿಲ್ಲ, ಹಾಡಿಲ್ಲ, ಸ್ಮಶಾನದಲ್ಲಿ ಜಾಗವೂ ಇಲ್ಲ. ಅಗಸೆ ಹೊಲದ ಬದುವಿನಲ್ಲಿ ಹೂತು ಬಂದರು. ಅದನ್ನು ಕಣ್ಣಾರೆ ಕಂಡ ಯೂಡಿತ್‌ಳ ಅಪ್ಪ ಬದುಕಿರುವವರೆಗೂ ಅದನ್ನೇ ಹೇಳುತ್ತಿದ್ದ. ಯೂಡಿತ್ ಮಗಳಿಗೆ ತಲೆ ಬಾಚುವಾಗ, ನೂಲು ಸುತ್ತುವಾಗ, ಯಾವಾಗೆಂದರೆ ಆವಾಗ ಒಂದೇ ಮಾತು ಹೇಳುತ್ತಿದ್ದಳು. ತನ್ನನ್ನು ಎತ್ತಿದಾಗಿನಿಂದ ಮಣ್ಣಿಗಿಡುವವರೆಗೂ ಓಸಾನಾ ಬಡಿಯುತ್ತಲೇ ಇರಬೇಕು, ನಡುವೆ ಒಂದು ಉಸಿರೂ ನಿಲ್ಲಬಾರದು.

ಕಾಸ್ಪರನ ಬೆನ್ನು ಸೋತ ಮೇಲೆ ಹಗ್ಗ ರೆಗೀನಾಳ ಕೈಗೆ ಬಂತು. ಅವಳು ಮದುವೆಯಾಗಲಿಲ್ಲ. ಕೇಳಿಕೊಂಡು ಬಂದ ಇಬ್ಬರಿಗೂ ಗೋಪುರದ ಮನೆಯಲ್ಲಿ ಬಂದು ಇರುವುದು ಇಷ್ಟವಿರಲಿಲ್ಲ. ಹೆಸರಿಗೆ ಅಪ್ಪ, ಕೆಲಸಕ್ಕೆ ಮಗಳು, ಹೀಗೆ ಬಹಳ ವರ್ಷ ನಡೆಯಿತು. ಅಂಗೈಯ ಚರ್ಮ ಚಮ್ಮಾರನ ತೊಗಲಿನಂತಾಯಿತು. ಜನ ಬಂದು ಗೋಪುರದ ಕೆಳಗಿನ ಬೆಂಚಿನ ಮೇಲೆ ಕೂತು ತಮ್ಮ ಕಷ್ಟ ಹೇಳಿಕೊಳ್ಳುವುದೂ ರೂಢಿಯಾಯಿತು. ಅವಳು ಕೇಳಿಸಿಕೊಳ್ಳುತ್ತಿದ್ದಳು, ಒಬ್ಬರದ್ದು ಇನ್ನೊಬ್ಬರಿಗೆ ಹೇಳುತ್ತಿರಲಿಲ್ಲ.

1724ರ ಚಳಿಗಾಲದಲ್ಲಿ ಕಾಸ್ಪರ್ ತೀರಿಕೊಂಡ. ಗಂಟೆಯವನ ಜಾಗ ಖಾಲಿಯಾಯಿತು. ಒಂದು ಹೆಣ್ಣು ಆ ಪ್ರಮಾಣ ಮಾಡಿದ್ದು ಅದುವರೆಗೆ ಇರಲಿಲ್ಲ. ರೆಗೀನಾ ಕೆಲಸ ಬಿಡಬೇಕಾದರೆ ಮನೆಯನ್ನೂ ಬಿಡಬೇಕು. ಮುದಿ ತಾಯಿಯನ್ನು ಕರೆದುಕೊಂಡು ಹೋಗಲು ಬೇರೆ ಜಾಗವಿಲ್ಲ, ಅವಳಿಗೆ ಬೇರೆ ಕೆಲಸವೂ ಬರುವುದಿಲ್ಲ. ನಗರಸಭೆಯಲ್ಲಿ ಅರ್ಧ ಕಥೋಲಿಕರು, ಅರ್ಧ ಲೂಥರನರು. ಹೆಣ್ಣಿನ ಕೈಗೆ ಹಗ್ಗ ಕೊಡುವುದುಂಟೇ ಎಂದು ಎರಡೂ ಕಡೆ ಗೊಣಗಿದವರಿದ್ದರು. ಅವಳು ಲೂಥರನ್ ಎಂದು ಕಥೋಲಿಕರಿಗೆ ಅನುಮಾನ, ಕಥೋಲಿಕನ ಮಗಳೆಂದು ಲೂಥರನರಿಗೆ ಅನುಮಾನ. ವಸಂತಕಾಲದ ಹಬ್ಬಗಳನ್ನು ಅವಳು ಹೇಗೆ ನಡೆಸುತ್ತಾಳೋ ನೋಡೋಣ, ಹಬ್ಬ ಕಳೆದ ಮೇಲೆ ಕೈ ಎತ್ತಿ ತೀರ್ಮಾನ ಮಾಡೋಣ ಎಂದು ಸಭೆ ಎದ್ದಿತು.

ಆ ವರ್ಷ ಹಬ್ಬಗಳೇ ಹಳಿ ತಪ್ಪಿದ್ದವು. ನಮ್ಮ ಹಿರಿಯರ ಕಾಲದಲ್ಲಿ ಊರಿಗೆ ಎರಡು ಪಂಚಾಂಗವಿತ್ತು. ಪೋಪ್ ತಿದ್ದಿದ ಪಂಚಾಂಗ ಕಥೋಲಿಕರದು, ಅದಕ್ಕೂ ಹಳೆಯದು ಲೂಥರನರದು. ಒಂದೇ ಬೀದಿಯಲ್ಲಿ ಒಂದು ಮನೆಗೆ ಹೊಸ ವರ್ಷ ಬಂದು ಹೋಗಿದ್ದರೂ ಎದುರು ಮನೆಗೆ ಬಂದಿರುತ್ತಿರಲಿಲ್ಲ. ರೆಗೀನಾ ಹುಡುಗಿಯಾಗಿದ್ದಾಗ ಲೂಥರನರೂ ಪಂಚಾಂಗ ಬದಲಾಯಿಸಿಕೊಂಡರು. ಫೆಬ್ರವರಿಯ ನಡುವೆ ಒಂದು ರಾತ್ರಿ ಮಲಗಿದವರು ಬೆಳಿಗ್ಗೆ ಮಾರ್ಚ್ ತಿಂಗಳಲ್ಲಿ ಎದ್ದರು. ಅಲ್ಲಿಂದ ಹಬ್ಬಗಳು ಕೂಡಿ ಬಂದವು, ಜನ ಅದಕ್ಕೆ ಒಗ್ಗಿಹೋದರು. ಆದರೆ ಈಸ್ಟರಿನ ಲೆಕ್ಕವನ್ನು ಲೂಥರನ್ ಪಂಡಿತರು ಆಕಾಶದ ಚಂದ್ರನನ್ನು ನೋಡಿ ಹಾಕುತ್ತಿದ್ದರು, ಕಥೋಲಿಕರು ರೋಮಿನ ಕೋಷ್ಟಕ ನೋಡಿ ಹಾಕುತ್ತಿದ್ದರು. 1724ರಲ್ಲಿ ಚಂದ್ರನೂ ಕೋಷ್ಟಕವೂ ಹೊಂದಲಿಲ್ಲ. ಲೂಥರನರ ಈಸ್ಟರ್ ಒಂದು ವಾರ ಮೊದಲೇ ಬಂತು.

ಹೀಗಾಗಿ ಲೂಥರನರು ಶುಭ ಶುಕ್ರವಾರವೆಂದು ಕಪ್ಪು ಬಟ್ಟೆ ತೊಟ್ಟು ಚರ್ಚಿನಲ್ಲಿ ಕೂತಿದ್ದಾಗ, ಕಥೋಲಿಕರಿಗೆ ಅದು ಬರೀ ಕೆಲಸದ ದಿನ. ಕಥೋಲಿಕರ ಮೇಯರ್ ಗೆರ್ವಾಸ್ ಬಾಯರ್ ನಾಲ್ಕು ಎತ್ತಿನ ಗೊಬ್ಬರದ ಗಾಡಿಯನ್ನು ಹೊಲಕ್ಕೆ ಹೊಡೆದ. ಚರ್ಚಿನ ಮುಂದೆ, ಸರಿಯಾಗಿ ಪ್ರಸಂಗದ ಹೊತ್ತಿಗೆ, ಗಾಡಿಯ ಚಕ್ರ ಮೋರಿಗೆ ಇಳಿಯಿತು. ಅದನ್ನು ಎತ್ತುವವರೆಗೆ ಒಳಗೆ ಕೂತವರು ಮೂಗಿಗೆ ಕರವಸ್ತ್ರ ಹಿಡಿದು ಕ್ರಿಸ್ತನ ನೋವಿನ ವಿಚಾರ ಕೇಳಿದರು. ಕೇಳಿದ್ದಕ್ಕೆ ಗೆರ್ವಾಸ್, ತಮ್ಮ ಪಂಚಾಂಗದಲ್ಲಿ ಇವತ್ತು ಸುಮ್ಮನೆ ಒಂದು ಶುಕ್ರವಾರ ಎಂದ. ಲೂಥರನರು ಹಲ್ಲು ಕಚ್ಚಿಕೊಂಡರು. ಮುಂದಿನ ಶುಕ್ರವಾರ ಅವರದೂ ಬರುತ್ತದಲ್ಲ ಎಂದುಕೊಂಡರು.

ಆ ಭಾನುವಾರ ಲೂಥರನರ ಮನೆಗಳಲ್ಲಿ ಬಣ್ಣದ ಮೊಟ್ಟೆ, ಕಥೋಲಿಕರ ಮನೆಗಳಲ್ಲಿ ಈಸ್ಟರಿಗೆ ಒಂದು ವಾರ ಮೊದಲು ಬರುವ ಗರಿ ಹಬ್ಬದ ಬ್ರೆಡ್. ರೆಗೀನಾ ಎರಡಕ್ಕೂ ಗಂಟೆ ಬಾರಿಸಿದಳು. ಹಾಸಿಗೆ ಹಿಡಿದಿದ್ದ ಯೂಡಿತ್ ಮಲಗಿದಲ್ಲೇ ಒಂದು ಮೊಟ್ಟೆ ಸುಲಿಸಿಕೊಂಡು ಅರ್ಧ ತಿಂದಳು. ಬುಧವಾರ ಸಂಜೆ ಬಾಗಿಲು ಹಾಕುವ ಗಂಟೆ ಬಾರಿಸಿ ರೆಗೀನಾ ಕೆಳಗೆ ಬರುವಷ್ಟರಲ್ಲಿ ಅಮ್ಮ ಹೋಗಿಬಿಟ್ಟಿದ್ದಳು.

ಗುರುವಾರ ಬೆಳಿಗ್ಗೆ ಕಥೋಲಿಕರ ಪವಿತ್ರ ವಾರದ ಬಲಿಪೂಜೆಯಲ್ಲಿ ದೇವರ ಮಹಿಮೆಯ ಹಾಡಿಗೆ ಗಂಟೆಗಳು ಕೊನೆಯ ಸಲ ಬಡಿದು ಸುಮ್ಮನಾದವು. ಇನ್ನು ಶನಿವಾರ ಬೆಳಿಗ್ಗೆ ಅದೇ ಹಾಡು ಮತ್ತೆ ಬರುವವರೆಗೆ, ಕ್ರಿಸ್ತನ ಸಾವಿನ ಶೋಕಕ್ಕೆ, ಅವರಿಗೆ ಗಂಟೆಯಿಲ್ಲ. ಗಂಟೆಗಳು ರೋಮಿಗೆ ಹಾರಿಹೋಗಿವೆ ಎಂದು ಮಕ್ಕಳಿಗೆ ಹೇಳಿ, ಬೀದಿಯಲ್ಲಿ ಮರದ ಗಿರಗಿರಿ ತಿರುಗಿಸಿ ಕಟಕಟ ಸದ್ದು ಮಾಡಿಕೊಂಡು ಜನರನ್ನು ಕರೆಯುತ್ತಾರೆ. ಉಳಿದ ವರ್ಷಗಳಲ್ಲಿ ಲೂಥರನರಿಗೂ ಅದೇ ವಾರವಾದ್ದರಿಂದ ತೊಂದರೆ ಬರುತ್ತಿರಲಿಲ್ಲ. ಈ ವರ್ಷ ಅವರ ಈಸ್ಟರ್ ಮುಗಿದೇ ಹೋಗಿತ್ತು.

ಅಂದೇ ಲೂಥರನರ ಮೇಯರ್, ಬ್ರೆಡ್ ಸುಡುವ ಹಿಯರೋನಿಮಸ್ ಡಾಯ್ಬ್, ಕಂಕುಳಲ್ಲಿ ಒಂದು ಬ್ರೆಡ್ ಇಟ್ಟುಕೊಂಡು ಸಾವಿನ ಮನೆಗೆ ಬಂದ. ಯೂಡಿತ್‌ಳ ಕಾಲಬಳಿ ನಿಂತು ಪ್ರಾರ್ಥನೆ ಹೇಳಿದ. ಆಮೇಲೆ ಅಡುಗೆಮನೆಯ ಬೆಂಚಿನ ಮೇಲೆ ಕೂತ.

"ಅವರು ನಮ್ಮವರು ರೆಗೀನಾ. ನಾಳೆ ಮಧ್ಯಾಹ್ನ ಎತ್ತೋಣ. ಓಸಾನಾ ಊರೆಲ್ಲ ಕೇಳೋ ಹಾಗೆ ಬಡೀಲಿ."

"ನಾಳೆ ಅವರಿಗೆ ಮೌನದ ದಿನ, ಯಜಮಾನ್ರೇ."

"ನಮ್ಮ ಮೌನದ ದಿನ ಅವರೇನು ಮಾಡಿದ್ರು? ನಿಮ್ಮ ಮೂಗಿಗೆ ಬರ್ಲಿಲ್ವಾ?"

"ಬಂತು. ಆದ್ರೆ ಗೊಬ್ಬರದ ಗಾಡಿಗೆ ಉತ್ತರ ಅಂತ ನಾನು ನಮ್ಮಮ್ಮನ್ನ ಕಳಿಸಲ್ಲ."

ಡಾಯ್ಬ್ ಕೆಟ್ಟ ಮನುಷ್ಯನಲ್ಲ. ನಿಧಾನವಾಗಿಯೇ ವಿವರಿಸಿದ. ಸತ್ತವರಿಗೆ ಗಂಟೆ ಎಂಬುದು ಹಕ್ಕು, ಊರಿನ ಕರಾರಿನಲ್ಲಿ ಬರೆದಿದೆ, ಆ ಹಕ್ಕಿಲ್ಲದೆ ಅವಳ ಮುತ್ತಜ್ಜಿ ಬದುವಿನಲ್ಲಿ ಮಲಗಿದ್ದಾಳೆ. ಬಳಸದ ಹಕ್ಕು ತುಕ್ಕು ಹಿಡಿಯುತ್ತದೆ, ಇವತ್ತು ಒಬ್ಬರು ಬಿಟ್ಟರೆ ನಾಳೆ ಎಲ್ಲರೂ ಬಿಡಬೇಕಾಗುತ್ತದೆ. ಕೊನೆಗೆ ಎದ್ದು ನಿಂತು, ತಮ್ಮ ಕಡೆಯವರ ಕೈ ಸಭೆಯಲ್ಲಿ ಮೇಲೇಳಬೇಕಾದರೆ ಅವರಿಗೂ ಏನಾದರೂ ಕಾರಣ ಬೇಕಲ್ಲ ಎಂದು ಹೇಳಿ ಹೋದ. ಬ್ರೆಡ್ ಮೇಜಿನ ಮೇಲೆಯೇ ಇತ್ತು. ರೆಗೀನಾ ಅದನ್ನು ಮುಟ್ಟಲಿಲ್ಲ.

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ ಎಂಬುದೇ ಅವಳ ಸಂಕಟ. ಅಮ್ಮನಿಗೆ ಮಾತು ಕೊಟ್ಟಿದ್ದಳು. ಗಂಟೆಯಿಲ್ಲದೆ ಎತ್ತಿದರೆ ಅದು ಅದೇ ಅಗಸೆ ಹೊಲ. ಗಂಟೆ ಬಾರಿಸಿದರೆ, ಅಪ್ಪ ವರ್ಷವರ್ಷವೂ ಮೊಣಕಾಲೂರಿ ಕೂರುತ್ತಿದ್ದ ದಿನವನ್ನು ಅಪ್ಪನ ಹಗ್ಗದಿಂದಲೇ ಒಡೆದಂತೆ. ಅವಳು ಅಮ್ಮನ ಪಕ್ಕ ಕೂತು ಬಹಳ ಹೊತ್ತು ಪ್ರಾರ್ಥನೆ ಮಾಡಿದಳು. ಇಂಥದ್ದೇ ಕೊಡು ಎಂದು ಕೇಳಲಿಲ್ಲ. ದಾರಿ ಕಾಣಿಸಿದರೆ ನಡೆಯುವಷ್ಟು ಧೈರ್ಯ ಕೊಡು ಎಂದಷ್ಟೇ ಕೇಳಿದಳು. ಎದ್ದಾಗ ಅವಳಿಗೆ ಶನಿವಾರ ಕಾಣಿಸಿತು. ಶನಿವಾರ ಬೆಳಿಗ್ಗೆ ಕಥೋಲಿಕರ ಮಹಿಮೆಯ ಹಾಡಿಗೆ ಓಸಾನಾ, ಅವಳ ಪಕ್ಕದ ಎರಡು ಚಿಕ್ಕ ಗಂಟೆ, ಮೂರೂ ಒಟ್ಟಿಗೆ ಬಡಿಯುತ್ತವೆ. ಅದೇ ಹೊತ್ತಿಗೆ ಅಮ್ಮನನ್ನು ಎತ್ತಿದರೆ?

ಒಂದು ತೊಡಕಿತ್ತು. ಹಾಡು ಚಿಕ್ಕದು, ಕೆಳಬಾಗಿಲ ಹೊರಗಿನ ಸ್ಮಶಾನಕ್ಕೆ ದಾರಿ ದೂರ. ಹಾಡು ಮುಗಿದ ಕೂಡಲೇ ಗಂಟೆ ನಿಲ್ಲಬೇಕು, ಆಮೇಲೆ ಅವರ ಹಬ್ಬ ಕಳೆಯುವವರೆಗೆ ಸಾವಿನ ಗಂಟೆ ಸಲ್ಲದು, ಅಷ್ಟು ದಿನ ಹೆಣ ಇಡುವಂತಿಲ್ಲ. ನಿಲ್ಲಿಸುವ ಸನ್ನೆ ಕೊಡುವವನು ಗೆರ್ವಾಸ್. ಆ ದಿನ ಕಥೋಲಿಕರ ಮೇಯರ್ ಗೋಪುರದ ಬಾಗಿಲಲ್ಲಿ ನಿಂತು, ಒಳಗೆ ಹಾಡು ಎತ್ತಿದಾಗ ತನ್ನ ಟೋಪಿ ಎತ್ತುತ್ತಾನೆ, ಮುಗಿದಾಗ ಇಳಿಸುತ್ತಾನೆ. ಗಂಟೆಯವನು ಮೇಲಿನ ಕಿಂಡಿಯಿಂದ ಆ ಟೋಪಿಯನ್ನೇ ನೋಡುತ್ತಿರಬೇಕು.

ಶುಕ್ರವಾರ ಮಧ್ಯಾಹ್ನ ಅವಳು ಗೆರ್ವಾಸ್‌ನ ಕೊಟ್ಟಿಗೆಗೆ ಹೋದಳು. ಅವನು ಎತ್ತುಗಳಿಗೆ ಹುಲ್ಲು ಹಾಕುತ್ತಿದ್ದ. ಉಪವಾಸದ ಹೊಟ್ಟೆ, ಮುಖ ಗಂಟಿಕ್ಕಿತ್ತು.

"ಸಾಯೋಕೂ ಒಳ್ಳೇ ವಾರ ಹುಡುಕಿದ್ರು ನೋಡು ನಿಮ್ಮಮ್ಮ," ಎಂದ.

"ಅವರು ಮೊದಲಿಂದ್ಲೂ ಹಾಗೇ, ಗೆರ್ವಾಸಣ್ಣ. ಯಾರ ಅನುಕೂಲಾನೂ ನೋಡಿದೋರಲ್ಲ."

ಗೆರ್ವಾಸ್‌ನ ಮೀಸೆಯಡಿ ನಗು ಬಂದು ಹೋಯಿತು. ರೆಗೀನಾ ಎಲ್ಲವನ್ನೂ ಹೇಳಿದಳು. ಅಗಸೆ ಹೊಲದ್ದು, ಅಮ್ಮನ ಆಸೆಯದ್ದು, ಡಾಯ್ಬ್ ಬಂದದ್ದು, ತಾನು ಇವತ್ತು ಹಗ್ಗ ಮುಟ್ಟುವುದಿಲ್ಲವೆಂಬುದು, ನಾಳೆ ಏನು ಮಾಡಬೇಕೆಂದಿದ್ದೇನೆ ಎಂಬುದು. ಅಪ್ಪಣೆ ಕೇಳಲು ಬಂದಿಲ್ಲ, ಮುಚ್ಚಿಟ್ಟು ಮಾಡಬಾರದೆಂದು ತಿಳಿಸಲು ಬಂದೆ ಎಂದಳು. ಗೆರ್ವಾಸ್ ಎತ್ತಿನ ಬೆನ್ನಿನ ಮೇಲೆ ಕೈಯಿಟ್ಟುಕೊಂಡು ಪೂರ್ತಿ ಕೇಳಿದ.

"ಪುನರುತ್ಥಾನದ ಗಂಟೆ ಅದು. ಸಾವಿನ ಗಂಟೆ ಅಲ್ಲ," ಎಂದ ಕೊನೆಗೆ.

"ಅಮ್ಮ ಅದನ್ನೇ ನಂಬಿ ಹೋಗಿದ್ದಾರೆ."

ಗೆರ್ವಾಸ್ ಎತ್ತಿನ ಬೆನ್ನಿನಿಂದ ಕೈ ತೆಗೆದ. ಹುಲ್ಲಿನ ಕಡೆ ತಿರುಗಿಕೊಂಡು, "ನಾನು ಹೇಳೋದು ಏನೂ ಇಲ್ಲ. ಹಾಡು ಮುಗಿದ್ರೆ ಟೋಪಿ ಇಳಿಯುತ್ತೆ. ಅಷ್ಟೇ," ಎಂದ.

ಶನಿವಾರ ಬೆಳಿಗ್ಗೆ ರೆಗೀನಾ ಅಮ್ಮನ ಹಣೆಗೆ ಮುತ್ತಿಟ್ಟು ಮೆಟ್ಟಿಲು ಹತ್ತಿದಳು. ಒಬ್ಬಳೇ ಮಗಳು ಶವದ ಹಿಂದೆ ನಡೆಯದಿದ್ದರೆ ಜನ ಏನೆನ್ನುತ್ತಾರೆಂದು ಚಿಕ್ಕಮ್ಮ ಅತ್ತಿದ್ದಳು. ಹಿಂದೆ ನಡೆಯಲು ಬೇಕಾದಷ್ಟು ಜನರಿದ್ದಾರೆ, ಹಗ್ಗಕ್ಕೆ ನಾನೊಬ್ಬಳೇ ಎಂದಿದ್ದಳು ರೆಗೀನಾ. ಮೇಲೆ ಚಿಕ್ಕ ಗಂಟೆಗಳ ಹಗ್ಗ ಹಿಡಿದು ಇಬ್ಬರು ನೇಕಾರರು ನಿಂತಿದ್ದರು, ಎಂದಿನಂತೆ ಒಬ್ಬ ಅವರ ಕಡೆಯವನು, ಒಬ್ಬ ಇವರ ಕಡೆಯವನು. ಇಬ್ಬರೂ ಅವಳ ಮುಖ ನೋಡಲಿಲ್ಲ.

ಒಂದು ಕಿಂಡಿಯಲ್ಲಿ ಗೋಪುರದ ಬಾಗಿಲು ಕಾಣುತ್ತಿತ್ತು, ಇನ್ನೊಂದರಲ್ಲಿ ಕೆಳಬಾಗಿಲಿಗೆ ಇಳಿಯುವ ಬೀದಿ. ಮನೆಯ ಮುಂದೆ ಶವಪೆಟ್ಟಿಗೆ ಎತ್ತಲು ಆರು ಜನ ಬಗ್ಗಿ ನಿಂತಿದ್ದರು. ಒಳಗೆ ಆರ್ಗನ್ ವಾದ್ಯ ಮೊಳಗಿತು. ಗೆರ್ವಾಸ್‌ನ ಟೋಪಿ ಮೇಲೆದ್ದಿತು. ರೆಗೀನಾ ಹಗ್ಗಕ್ಕೆ ಇಡೀ ಮೈಯ ಭಾರ ಕೊಟ್ಟಳು. ಓಸಾನಾ ಒಮ್ಮೆ ಮೂಕಳಂತೆ ತೂಗಿ, ಎರಡನೆಯ ಸಲಕ್ಕೆ ಬಾಯಿ ಬಿಟ್ಟಳು.

ಹೊರಗೆ ಪೆಟ್ಟಿಗೆ ಹೆಗಲೇರಿತು. ಲೂಥರನರ ಮೆರವಣಿಗೆ ಹಾಡುತ್ತಾ ಹೊರಟಿತು. ಮುಂದೆ ಡಾಯ್ಬ್ ಬಿಗಿದ ಮುಖದಲ್ಲಿ ನಡೆಯುತ್ತಿದ್ದ. ಬಾವಿಕಟ್ಟೆ ದಾಟಿದರು. ಚರ್ಮ ಹದಮಾಡುವವರ ಸೇತುವೆ ದಾಟಿದರು. ಅಷ್ಟರಲ್ಲಿ ಆರ್ಗನ್ ನಿಂತಿತು. ಒಳಗಿನ ಹಾಡು ಮುಗಿದದ್ದು ರೆಗೀನಾಳಿಗೆ ಕಾಲಡಿಯ ಹಲಗೆಯಲ್ಲಿ ಅದರ ಕಂಪನ ನಿಂತದ್ದರಿಂದಲೇ ತಿಳಿಯಿತು. ಅವಳು ಟೋಪಿ ನೋಡಿದಳು. ಟೋಪಿ ಮೇಲೇ ಇತ್ತು.

ಬಲಿಪೀಠದ ಮುಂದೆ ಗುರುಗಳು ಕಾಯುತ್ತಾ ನಿಂತರು. ಜನ ಹಿಂದಕ್ಕೆ ತಿರುಗಿ ನೋಡತೊಡಗಿದರು. ಯಾರೋ ಒಬ್ಬ ಹೊರಗೆ ಬಂದು ಗೆರ್ವಾಸ್‌ನ ತೋಳು ಮುಟ್ಟಿದ. ಗೆರ್ವಾಸ್ ಅವನ ಕಡೆ ನೋಡಲಿಲ್ಲ. ಅವನ ಕಣ್ಣು ಬೀದಿಯ ಕೆಳಗೆ ನೆಟ್ಟಿತ್ತು. ಬಲತೋಳು ಸೋತಾಗ ಟೋಪಿಯನ್ನು ಎಡಗೈಗೆ ಬದಲಾಯಿಸಿಕೊಂಡು ಮತ್ತೆ ಎತ್ತಿ ಹಿಡಿದ. ಮೆರವಣಿಗೆ ಕೆಳಬಾಗಿಲು ದಾಟಿತು. ಸ್ಮಶಾನದ ಗೋಡೆಯ ಆಚೆ ಕಪ್ಪು ಟೋಪಿಗಳು ಒಂದು ಕಡೆ ನಿಂತವು, ಬಾಗಿದವು. ಆಗ ಗೆರ್ವಾಸ್‌ನ ಕೈ ಇಳಿಯಿತು.

ರೆಗೀನಾ ಹಗ್ಗದ ಜೊತೆ ಎರಡು ಸಲ ಮೇಲೆ ಹೋಗಿ ಕೆಳಗೆ ಬಂದಳು. ಓಸಾನಾ ನಿಂತಳು. ಪಕ್ಕದ ಇಬ್ಬರು ನೇಕಾರರು ಟೋಪಿ ತೆಗೆದು ಎದೆಗಿಟ್ಟುಕೊಂಡಿದ್ದರು. ಅವಳು ಅಂಗೈ ಬಿಡಿಸಿ ನೋಡಿಕೊಂಡು, ಅಲ್ಲೇ ಹಲಗೆಯ ಮೇಲೆ ಕೂತು, ಆ ವಾರದಲ್ಲಿ ಮೊದಲ ಸಲ ಅತ್ತಳು.

ಈಸ್ಟರ್ ಹಬ್ಬಗಳೆರಡೂ ಕಳೆದ ಮೇಲೆ ಸಭೆ ಸೇರಿತು. ರೆಗೀನಾ ಬಾಗಿಲ ಬಳಿ ನಿಂತಿದ್ದಳು. ದೂರುಗಳು ಸಾಕಷ್ಟಿದ್ದವು. ಲೂಥರನರ ಹಕ್ಕನ್ನು ಹಕ್ಕಾಗಿ ಕೇಳದೆ ಇನ್ನೊಬ್ಬರ ಹಾಡಿನ ಸೆರಗಿನಲ್ಲಿ ಕಟ್ಟಿಕೊಂಡು ಹೋದಳು ಎಂದರು ಲೂಥರನರು. ತಮ್ಮ ಪವಿತ್ರ ಶನಿವಾರದ ಗಂಟೆಯನ್ನು ಸಾವಿನ ಕೆಲಸಕ್ಕೆ ಬಳಸಿದಳು, ಗುರುಗಳನ್ನು ಬಲಿಪೀಠದ ಮುಂದೆ ಕಾಯಿಸಿದಳು ಎಂದರು ಕಥೋಲಿಕರು. ಟೋಪಿ ಯಾಕೆ ಇಳಿಸಲಿಲ್ಲ ಎಂದು ಗೆರ್ವಾಸ್‌ನನ್ನೂ ಕೇಳಿದರು. ತೋಳು ಹಿಡಿದುಕೊಂಡುಬಿಟ್ಟಿತ್ತು, ವಯಸ್ಸಾಯಿತಲ್ಲ ಎಂದ. ಯಾವ ತೋಳು ಎಂದು ಯಾರೋ ಕೇಳಿದರು. ಎರಡೂ ಎಂದ.

ಯಾರಿಗೆ ಬಾರಿಸಿದೆ, ನೇರವಾಗಿ ಹೇಳು ಎಂದು ರೆಗೀನಾಳನ್ನೇ ಕೇಳಿದಾಗ ಅವಳು ಹೇಳಿದ್ದು ಇಷ್ಟು:

"ದೇವರ ಮಹಿಮೆಗೆ ಅಂತ ಹಾಡು ಹೇಳ್ತಿತ್ತು. ನಾನು ಅದಕ್ಕೇ ಬಾರಿಸಿದೆ. ಅಮ್ಮನೂ ಆ ಕಡೆಗೇ ಹೋಗ್ತಿದ್ರು."

ಡಾಯ್ಬ್ ಎದ್ದು ನಿಂತ. ಅವನ ಮುಖ ಇನ್ನೂ ಬಿಗಿದೇ ಇತ್ತು.

"ನಮಗೆ ಅವಳ ಮೇಲೆ ಸಿಟ್ಟಿದೆ. ಅವರಿಗೂ ಅಷ್ಟೇ ಸಿಟ್ಟಿದೆ. ಒಂದು ಕೂದಲೆಳೆ ಹೆಚ್ಚಿಲ್ಲ, ಕಮ್ಮಿಯಿಲ್ಲ. ಗಂಟೆಯವರು ಅಂದ್ರೆ ಹೀಗೇ ಇರ್ಬೇಕು ತಾನೇ ಕರಾರಿನಲ್ಲಿ ಇರೋದು? ಕಾಸ್ಪರನ ಕೈಲೂ ಇಷ್ಟು ಸರಿಸಮ ಮಾಡಕ್ಕೆ ಆಗ್ತಿರ್ಲಿಲ್ಲ."

ಮೊದಲು ನಕ್ಕವನು ಗೆರ್ವಾಸ್. ಮೊದಲು ಕೈ ಎತ್ತಿದವನು ಡಾಯ್ಬ್. ಗೆರ್ವಾಸ್‌ನ ತೋಳು ಅಂದು ಚೆನ್ನಾಗಿಯೇ ಮೇಲೆದ್ದಿತು. ಉಳಿದವರೂ ಎತ್ತಿದರು, ಕೆಲವರು ಗೊಣಗಿಕೊಂಡೇ.

ದೊಡ್ಡ ದೊಡ್ಡ ಅರಮನೆಗಳಲ್ಲಿ ಕೂತು ರಾಜರು ಬರೆದ ಶಾಂತಿಯ ಬಗ್ಗೆ ಶಾಲೆಯಲ್ಲಿ ಓದುತ್ತೇವೆ. ಆ ಶಾಂತಿಯನ್ನು ಊರಿನಲ್ಲಿ ದಿನಾ ಎಳೆದು ಹಿಡಿದವರು ಯಾರು ಎಂದು ಕೇಳಿದರೆ ನಾವು ಗೋಪುರ ತೋರಿಸುತ್ತೇವೆ. ರೆಗೀನಾ ಮಾಕ್ ಮುದುಕಿಯಾಗುವವರೆಗೂ ಅಲ್ಲೇ ಇದ್ದಳು. ಇಪ್ಪತ್ತು ವರ್ಷದ ಮೇಲೆ ಮತ್ತೊಮ್ಮೆ ಈಸ್ಟರ್ ಎರಡಾಗಿ ಬಂದಾಗ ಊರಿನಲ್ಲಿ ಒಂದು ಗೊಬ್ಬರದ ಗಾಡಿಯೂ ಹೊರಗೆ ಬರಲಿಲ್ಲ.

ಆದರೆ ಅದು ಮುಂದಿನ ಮಾತು. ಆ ದಿನ ಸಭೆಯವರೆಲ್ಲ ಅವಳ ಹಿಂದೆ ಏದುಸಿರು ಬಿಡುತ್ತಾ ಗೋಪುರ ಹತ್ತಿದರು. ಅವಳು ಬರಹವಿಲ್ಲದ ಗಂಟೆಯ ಕೆಳಗೆ ಎರಡೂ ಕೈಯಲ್ಲಿ ಹಗ್ಗ ಹಿಡಿದು, ಅಪ್ಪ ಹೇಳಿದ್ದ ಮಾತುಗಳನ್ನೇ ಹೇಳಿ ಪ್ರಮಾಣ ಮಾಡಿದಳು. ಈ ಗಲಾಟೆಯಲ್ಲಿ ಮಧ್ಯಾಹ್ನದ ಗಂಟೆ ತಡವಾಯಿತು. ಊಟಕ್ಕೆ ಕಾದು ಕೂತಿದ್ದವರು ಬೈದುಕೊಂಡರು, ಎರಡೂ ಕಡೆಯವರು.